ಬೆನ್ನ ಮೇಲೆ ಹೊರುವ ನಾನ್‌ಸ್ಟಿಕ್ ಪ್ಯಾನ್: ಟ್ರೆಕ್ಕಿಂಗ್ ಅಡುಗೆಗೆ ಸರಿಯಾದದ್ದನ್ನು ಆರಿಸುವುದು ಹೇಗೆ

ಮಧುಗಿರಿ ಬೆಟ್ಟದ ಬುಡದಲ್ಲಿ ನಮ್ಮ ಅತ್ತೆಯವರದ್ದೊಂದು ತೆಂಗಿನ ತೋಟ ಇದೆ. ಬೆಟ್ಟ ಹತ್ತಿ ಇಳಿದ ಮೇಲೆ ಅಲ್ಲೇ ಪಂಪ್‌ಹೌಸ್ ಪಕ್ಕ ಸ್ಟವ್ ಹಚ್ಚಿ ಏನಾದರೂ ಮಾಡಿ ತಿನ್ನುವುದು ನಮ್ಮ ಗುಂಪಿನ ರೂಢಿ. ಒಂದು ಸಲ ನಾನು ಹೊಸ ಟೈಟಾನಿಯಂ ಪ್ಯಾನ್ ತಂದಿದ್ದೆ. ಒಳಗೆ ನಾನ್‌ಸ್ಟಿಕ್ ಲೇಪ, ಹಿಡಿ ಸೇರಿದರೂ 150 ಗ್ರಾಂ ಇರಲಿಲ್ಲ. ಎಲ್ಲರ ಕೈಗೂ ಕೊಟ್ಟು "ಎತ್ತಿ ನೋಡ್ರೋ" ಅಂತ ಬೀಗಿದ್ದೂ ಆಯಿತು. ಆಮೇಲೆ ಅದರಲ್ಲಿ ಅಕ್ಕಿ ರೊಟ್ಟಿ ತಟ್ಟಿ ಸಣ್ಣ ಗ್ಯಾಸ್ ಸ್ಟವ್ ಮೇಲಿಟ್ಟೆ. ಐದು ನಿಮಿಷಕ್ಕೆ ರೊಟ್ಟಿಯ ನಟ್ಟನಡುವೆ ದುಂಡಗೆ ಕರಿ. ಅಂಚಿಗೆ ಬೆರಳಿಟ್ಟರೆ ಹಸಿ ಹಿಟ್ಟು. ಅತ್ತೆ ಬಂದು ನೋಡಿ, "ಇದೇನಪ್ಪ, ರೊಟ್ಟಿಗೆ ದೃಷ್ಟಿಬೊಟ್ಟು ಇಟ್ಟಿದ್ದೀಯ?" ಅಂದರು.

ನಾನು ನೋಡಿದ್ದು ಬರೀ ಗ್ರಾಂ. ಮೊದಲು ನೋಡಬೇಕಾಗಿದ್ದು ಸ್ಟವ್. ಆಮೇಲೆ ಅದರ ಮೇಲೆ ಏನು ಬೇಯಿಸುತ್ತೇನೆ ಅನ್ನುವುದು. ತೂಕದ ಮಾತು ಮೂರನೆಯದು. ಆಮೇಲೆ ನಾಲ್ಕೈದು ಪ್ಯಾನ್ ಹೊತ್ತು, ಎರಡನ್ನು ಹಾಳು ಮಾಡಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಶುರು ಮಾಡುವ ಮುಂಚೆ ಒಂದು ಮಾತು. ನಂದಿ, ಸ್ಕಂದಗಿರಿ, ದೇವರಾಯನದುರ್ಗ, ಸಿದ್ದರಬೆಟ್ಟ, ಕೋಲಾರದ ಅಂತರಗಂಗೆ, ಇಲ್ಲೆಲ್ಲ ಬೆಟ್ಟದ ಮೇಲೆ ಅಡುಗೆ ಮಾಡುವ ಯೋಚನೆ ಬೇಡ. ಸಂಕ್ರಾಂತಿ ಕಳೆದ ಮೇಲೆ ಬಾದೆ ಹುಲ್ಲು ಒಣಗಿ ನಿಂತಿರುತ್ತದೆ, ಒಂದು ಕಿಡಿ ಬಿದ್ದರೆ ಇಡೀ ಗುಡ್ಡ ಹತ್ತಿಕೊಳ್ಳುತ್ತದೆ. ಕಾಡಿನಲ್ಲಿ ಬೆಂಕಿ ಹಚ್ಚುವುದು ಅಪರಾಧ ಕೂಡ. ಮಧುಗಿರಿ ಕೋಟೆಯಂತೂ ಸಂರಕ್ಷಿತ ಸ್ಮಾರಕ. ಅಡುಗೆ ಏನಿದ್ದರೂ ಬುಡದ ತೋಟದಲ್ಲಿ, ಇಲ್ಲವೇ ಕ್ಯಾಂಪಿಂಗ್‌ಗೆ ಒಪ್ಪಿಗೆ ಇರುವ ಜಾಗದಲ್ಲಿ. ಇನ್ನು ಕೋತಿಗಳ ವಿಷಯ, ದೇವರಾಯನದುರ್ಗಕ್ಕೆ ಹೋಗಿ ಬಂದವರಿಗೆ ಹೇಳಬೇಕಾಗಿಲ್ಲ.

ಹೆಜ್ಜೆ 1: ಏನು ಬೇಯಿಸುತ್ತೀರಿ, ಬರೆದುಕೊಳ್ಳಿ

ಒಂದು ಚೀಟಿಯಲ್ಲಿ ಮುಂದಿನ ಎರಡು ಮೂರು ಟ್ರಿಪ್‌ಗೆ ನಿಜವಾಗಿ ಏನು ಮಾಡುತ್ತೀರೋ ಅದನ್ನು ಬರೆಯಿರಿ. ಆಸೆಪಟ್ಟದ್ದನ್ನೆಲ್ಲ ಬರೆಯಬೇಡಿ. ಮ್ಯಾಗಿ, ಟೀ, ಅನ್ನ, ಸಾರಿನ ಪುಡಿ, ಇಷ್ಟೇ ಅಂದರೆ ನಿಮಗೆ ನಾನ್‌ಸ್ಟಿಕ್ ಪ್ಯಾನ್ ಬೇಡವೇ ಬೇಡ. ಒಂದು ಲೀಟರಿನ ಪಾತ್ರೆ ಸಾಕು. ಉಪ್ಪಿಟ್ಟೂ ಅದರಲ್ಲೇ ಆಗುತ್ತದೆ, ರವೆಯನ್ನು ಮನೆಯಲ್ಲೇ ಹುರಿದು ತಂದರೆ ಆಯಿತು.

ಮೊಟ್ಟೆ, ಚಪಾತಿ, ಅಕ್ಕಿ ರೊಟ್ಟಿ, ರಾಗಿ ರೊಟ್ಟಿ ಪಟ್ಟಿಯಲ್ಲಿದ್ದರೆ ಮಾತ್ರ ಮುಂದೆ ಓದಿ. ನಮ್ಮ ಕಡೆಯವರಿಗೆ ಇನ್ನೊಂದು ಕಾರಣವೂ ಇದೆ. ಬೆಳಿಗ್ಗೆ ಕ್ಯಾತ್ಸಂದ್ರದಲ್ಲಿ ಕಟ್ಟಿಸಿಕೊಂಡ ತಟ್ಟೆ ಇಡ್ಲಿ ಮಧ್ಯಾಹ್ನದ ಹೊತ್ತಿಗೆ ತಣ್ಣಗಾಗಿ ಗಟ್ಟಿಯಾಗಿರುತ್ತದೆ. ಅದನ್ನು ಬೆರಳುದ್ದ ಕತ್ತರಿಸಿ, ಒಂದು ಚಮಚ ತುಪ್ಪ, ಚಟ್ನಿಪುಡಿ ಹಾಕಿ ಸಣ್ಣ ಉರಿಯಲ್ಲಿ ಎರಡೂ ಬದಿ ಕೆಂಪಗೆ ಮಾಡಿ ನೋಡಿ. ಇದೇ ಕೆಲಸವನ್ನು ತೆಳು ಸ್ಟೀಲ್ ತಟ್ಟೆಯಲ್ಲಿ ಮಾಡಿದರೆ ಅರ್ಧ ಇಡ್ಲಿ ತಳಕ್ಕೇ ಹೋಗುತ್ತದೆ.

ಜನ ಎಷ್ಟು ಅನ್ನುವುದನ್ನೂ ಬರೆಯಿರಿ. ರೊಟ್ಟಿ ಒಂದೊಂದೇ ಆಗುವುದು. ಇಬ್ಬರು ಮೂವರಿಗೆ ಒಂದು ಪ್ಯಾನ್ ಸರಿ. ಆರು ಜನ ಇದ್ದರೆ ಮೊದಲನೆಯವನು ತಿಂದು ಕೈ ತೊಳೆದರೂ ಕೊನೆಯವನಿಗೆ ರೊಟ್ಟಿ ಬಂದಿರುವುದಿಲ್ಲ.

ಹೆಜ್ಜೆ 2: ನಿಮ್ಮ ಸ್ಟವ್‌ನ ಉರಿ ನೋಡಿ

ಎಲ್ಲಕ್ಕಿಂತ ಮುಖ್ಯ ಇದು. ಗ್ಯಾಸ್ ಡಬ್ಬಿಯ ತಲೆಗೆ ತಿರುಗಿಸಿ ಕೂರಿಸುವ ಪುಟ್ಟ ಸ್ಟವ್ ಇದೆಯಲ್ಲ, ಅದರ ಬರ್ನರ್ ಎರಡು ಮೂರು ಬೆರಳಗಲ ಅಷ್ಟೇ. ಉರಿ ಒಂದೇ ಕಡೆ ನೇರ ಗುದ್ದುತ್ತದೆ. ನೀರು ಕಾಯಿಸಲು ಇದು ತೊಂದರೆಯಲ್ಲ, ನೀರು ತಾನೇ ಸುತ್ತಿ ಬಿಸಿ ಹಂಚಿಕೊಳ್ಳುತ್ತದೆ. ರೊಟ್ಟಿ ಸುತ್ತುವುದಿಲ್ಲ. ಅಲ್ಲಿ ಬಿಸಿ ಹಂಚುವ ಕೆಲಸ ಪ್ಯಾನ್‌ನ ತಳದ್ದೇ. ಹಾಗಾಗಿ ಬರ್ನರ್ ಚಿಕ್ಕದಾದಷ್ಟೂ ತಳ ದಪ್ಪ ಇರಬೇಕು.

ಸೂಟ್‌ಕೇಸ್ ಥರ ಡಬ್ಬದಲ್ಲಿ ಬರುವ ಚಪ್ಪಟೆ ಕ್ಯಾಸೆಟ್ ಸ್ಟವ್ ಇದ್ದರೆ ಉರಿ ಅಗಲ, ತೆಳು ಪ್ಯಾನ್ ಕೂಡ ನಡೆಯುತ್ತದೆ. ಆದರೆ ಆ ಸ್ಟವ್ವೇ ಒಂದು ಕಿಲೋಗಿಂತ ಜಾಸ್ತಿ. ಕಾರಿನವರೆಗೆ ಸರಿ, ಬೆನ್ನಿಗೆ ಭಾರ.

ಪ್ಯಾನ್ ಇಡುವ ಕಾಲುಗಳು ಎಷ್ಟು ಅಗಲ ಬಿಚ್ಚುತ್ತವೆ ಅಂತ ಸ್ಕೇಲ್ ಇಟ್ಟು ಅಳೆಯಿರಿ. ನನ್ನ ಸ್ಟವ್‌ದು 11 ಸೆಂ.ಮೀ. ಅದರ ಮೇಲೆ 24 ಸೆಂ.ಮೀ. ಪ್ಯಾನ್ ಇಟ್ಟು ಹಿಡಿ ಹೊರಗೆ ಚಾಚಿದರೆ ಸಾಕು, ಹಿಡಿಯ ಭಾರಕ್ಕೇ ವಾಲುತ್ತದೆ. ಮೊಟ್ಟೆ ಮಣ್ಣುಪಾಲು. ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಅಗಲದ ಪ್ಯಾನ್ ಕೊಡೆಯ ಹಾಗೆ ಬಿಸಿಯನ್ನು ಕೆಳಗಿರುವ ಗ್ಯಾಸ್ ಡಬ್ಬಿಯ ಮೇಲೆಯೇ ವಾಪಸ್ ತಳ್ಳುತ್ತದೆ. ಅದರ ಜೊತೆಗೆ ಗಾಳಿ ಅಂತ ಸುತ್ತ ತಗಡು ಮರೆ ಕಟ್ಟಿದರೆ ಡಬ್ಬಿ ಸಿಡಿಯುವ ಅಪಾಯ ಇದೆ. ಡಬ್ಬಿಯ ಮೇಲೆ ಕೂರುವ ಸ್ಟವ್‌ಗೆ ಪೂರ್ತಿ ಸುತ್ತುವ ಗಾಳಿಮರೆ ಯಾವತ್ತೂ ಬೇಡ. ನಡುನಡುವೆ ಡಬ್ಬಿಯನ್ನು ಮುಟ್ಟಿ ನೋಡಿ. ಕೈಗೆ ಬೆಚ್ಚಗೆ ಹತ್ತಿದರೆ ಉರಿ ಆರಿಸಿ. ಪೈಪಿನಲ್ಲಿ ಡಬ್ಬಿ ದೂರ ಇಡುವ ಸ್ಟವ್ ಇದ್ದವರಿಗೆ ಈ ತಲೆನೋವು ಕಡಿಮೆ.

ಹೆಜ್ಜೆ 3: ಅಳತೆ

ಅಂಗಡಿಯಲ್ಲಿ ಹೇಳುವ 20, 22, 24 ಸೆಂ.ಮೀ. ಎಲ್ಲ ಬಾಯಿಯ ಅಗಲ. ರೊಟ್ಟಿ ಕೂರುವುದು ತಳದಲ್ಲಿ. ಬದಿ ಓರೆಯಾಗಿದ್ದರೆ 20ರ ಪ್ಯಾನ್‌ಗೆ ತಳ 15 ಅಷ್ಟೇ ಸಿಗುತ್ತದೆ. ಒಬ್ಬರಿಗೆ 18, ಇಬ್ಬರು ಮೂವರಿಗೆ 20, ಇದು ನನ್ನ ಲೆಕ್ಕ. 24 ಮನೆಗಿರಲಿ. ಎರಡು ಬೆರಳಿನಷ್ಟಾದರೂ ಎತ್ತರ ಇರಲಿ, ಆಗ ಗೊಜ್ಜೂ ಮಾಡಬಹುದು.

ಹೆಜ್ಜೆ 4: ಲೋಹ ಮತ್ತು ದಪ್ಪ

ತೂಕದ ರಹಸ್ಯ ಏನೂ ಇಲ್ಲ, ಬರೀ ಲೆಕ್ಕ. 20 ಸೆಂ.ಮೀ. ಅಗಲದ ಒಂದು ದುಂಡನೆಯ ತಗಡು ಅಂದುಕೊಳ್ಳಿ. ಟೈಟಾನಿಯಂ 0.6 ಮಿ.ಮೀ. ದಪ್ಪದಲ್ಲಿ ಸುಮಾರು 85 ಗ್ರಾಂ ತೂಗುತ್ತದೆ. ಅಲ್ಯೂಮಿನಿಯಂ 1.5 ಮಿ.ಮೀ.ಗೆ 127 ಗ್ರಾಂ, 2 ಮಿ.ಮೀ.ಗೆ 170, 3 ಮಿ.ಮೀ.ಗೆ 254. ಕಬ್ಬಿಣದ ತಗಡು 3 ಮಿ.ಮೀ. ಅಂದರೆ 740 ಗ್ರಾಂ. ಬದಿಗೋಡೆ, ಹಿಡಿ ಬೇರೆ.

ಟೈಟಾನಿಯಂ ಗೆದ್ದ ಹಾಗೆ ಕಾಣುತ್ತೆ, ಅಲ್ವಾ? ಆದರೆ ಅಲ್ಯೂಮಿನಿಯಂ ಬಿಸಿಯನ್ನು ಟೈಟಾನಿಯಂಗಿಂತ ಸುಮಾರು ಹತ್ತು ಪಟ್ಟು ಚೆನ್ನಾಗಿ ಹರಡುತ್ತದೆ. ಟೈಟಾನಿಯಂ ಈ ವಿಷಯದಲ್ಲಿ ಸ್ಟೀಲ್‌ನ ಅಣ್ಣತಮ್ಮ. ಮೇಲೆ ತಗಡು ಅಷ್ಟು ತೆಳು ಬೇರೆ. ಉರಿ ಬಿದ್ದ ಕಡೆ ಮಾತ್ರ ಕೆಂಡ, ನಾಲ್ಕು ಬೆರಳು ಆಚೆ ತಣ್ಣಗೆ. ನನ್ನ ರೊಟ್ಟಿಯ ದೃಷ್ಟಿಬೊಟ್ಟಿಗೆ ಇದೇ ಕಾರಣ. ಲೇಪ ಎಷ್ಟೇ ಒಳ್ಳೆಯದಿದ್ದರೂ ಇದಕ್ಕೆ ಮದ್ದಿಲ್ಲ. ಟೈಟಾನಿಯಂ ನೀರು ಕಾಯಿಸುವ ಪಾತ್ರೆಗೆ ಸರಿ.

ನನ್ನ ಆಯ್ಕೆ 2 ಮಿ.ಮೀ. ಆಸುಪಾಸಿನ ಅಲ್ಯೂಮಿನಿಯಂ. 20 ಸೆಂ.ಮೀ. ಪ್ಯಾನ್ ಹಿಡಿ ಬಿಟ್ಟು 230ರಿಂದ 280 ಗ್ರಾಂ ಬರುತ್ತದೆ. ಟೈಟಾನಿಯಂಗಿಂತ 100 ಗ್ರಾಂ ಚಿಲ್ಲರೆ ಜಾಸ್ತಿ ಆಯಿತು, ಅಂದರೆ ಅರ್ಧ ಲೋಟ ನೀರಿನ ಭಾರ. ಅಷ್ಟಕ್ಕೆ ರೊಟ್ಟಿ ಅಂಚಿನವರೆಗೆ ಬೇಯುತ್ತದೆ. 1.5 ಮಿ.ಮೀ.ಗಿಂತ ತೆಳುವಾದದ್ದು ಬೇಡ. ಬಿಸಿಗೆ ತಳ ಉಬ್ಬಿ, ಎಣ್ಣೆಯೆಲ್ಲ ಅಂಚಿಗೆ ಓಡಿ, ಪ್ಯಾನ್ ಸ್ಟವ್ ಮೇಲೆ ಬುಗುರಿಯಾಡುತ್ತದೆ.

ಹಾರ್ಡ್ ಆನೊಡೈಸ್ಡ್ ಅಂತ ಬೂದುಗಪ್ಪು ಪ್ಯಾನ್ ಬರುತ್ತವಲ್ಲ, ಅದೂ ಅಲ್ಯೂಮಿನಿಯಮ್ಮೇ. ಮೇಲ್ಮೈಯನ್ನು ವಿದ್ಯುತ್‌ನಿಂದ ಗಟ್ಟಿ ಮಾಡಿರುತ್ತಾರೆ. ಗೀರು ತಡೆಯುತ್ತದೆ, ಹುಳಿಗೂ ಬೇಗ ಜಗ್ಗುವುದಿಲ್ಲ. ಕೋಲಾರದ ಗೆಳೆಯನೊಬ್ಬ ಪ್ರತಿ ಸಲ ಚೀಲದ ತುಂಬ ಟೊಮೆಟೊ ತಂದು ಗೊಜ್ಜು ಮಾಡೋಣ ಅನ್ನುತ್ತಾನೆ. ಬರೀ ಅಲ್ಯೂಮಿನಿಯಂ ಪಾತ್ರೆಯಲ್ಲಿ ಟೊಮೆಟೊ, ಹುಣಸೆಹುಳಿ ಕುದಿಸಿದರೆ ಲೋಹ ಸ್ವಲ್ಪ ಸ್ವಲ್ಪ ಬಿಡುತ್ತದೆ, ರುಚಿಯೂ ಕೆಡುತ್ತದೆ. ಲೇಪ ಚೆನ್ನಾಗಿರುವ ಅಥವಾ ಆನೊಡೈಸ್ ಆದ ಪ್ಯಾನ್‌ಗೆ ಆ ಭಯ ಇಲ್ಲ. ಆದರೆ ಆನೊಡೈಸ್ಡ್ ಅಂದ ಮಾತ್ರಕ್ಕೆ ನಾನ್‌ಸ್ಟಿಕ್ ಅಲ್ಲ. ಮೇಲೆ ಬೇರೆ ಲೇಪ ಇದೆಯೇ, ಕೇಳಿ.

ಹೆಜ್ಜೆ 5: ಲೇಪ

ಎರಡೇ ಜಾತಿ ಅಂತ ಇಟ್ಟುಕೊಳ್ಳಿ. ಒಂದು ಪಿಟಿಎಫ್‌ಇ, ಜನ ಟೆಫ್ಲಾನ್ ಅನ್ನುವುದು. 1938ರಲ್ಲಿ ಅಮೆರಿಕದ ಡ್ಯೂಪಾಂಟ್ ಕಂಪನಿಯ ರಸಾಯನ ವಿಜ್ಞಾನಿ ರಾಯ್ ಪ್ಲಂಕೆಟ್ ಕೈಗೆ ಆಕಸ್ಮಿಕವಾಗಿ ಸಿಕ್ಕಿದ ವಸ್ತು. ಅವರು ಹುಡುಕುತ್ತಿದ್ದದ್ದು ಫ್ರಿಜ್‌ಗೆ ಬೇಕಾದ ಅನಿಲ. ಇನ್ನೊಂದು ಸೆರಾಮಿಕ್, ಸಿಲಿಕಾ ಆಧಾರದ ಲೇಪ.

ಪಿಟಿಎಫ್‌ಇ ಜಾಸ್ತಿ ದಿನ ಜಾರುತ್ತದೆ, ಆದರೆ ಬಿಸಿಗೆ ಅಂಜುತ್ತದೆ. 260 ಡಿಗ್ರಿ ಸೆಲ್ಸಿಯಸ್ ಒಳಗೆ ಬಳಸಬೇಕು. 350 ದಾಟಿದರೆ ಚೆನ್ನಾಗಿಯೇ ಒಡೆಯಲು ಶುರುವಾಗಿ ಕೆಟ್ಟ ಹೊಗೆ ಬಿಡುತ್ತದೆ. ಆ ಹೊಗೆಗೆ ಪಂಜರದ ಗಿಳಿ ಸಾಯುತ್ತದೆ, ಮನುಷ್ಯರಿಗೆ ಜ್ವರದಂಥ ನಡುಕ ಬರಬಹುದು. ಸೆರಾಮಿಕ್ ಬಿಸಿ ತಡೆಯುತ್ತದೆ, ಆದರೆ ಜಾರುವ ಗುಣ ಬೇಗ ಹೋಗುತ್ತದೆ. ನನ್ನ ಸೆರಾಮಿಕ್ ಪ್ಯಾನ್ ಒಂದು ವರ್ಷಕ್ಕೇ ಮೊಟ್ಟೆಯನ್ನು ಅಪ್ಪಿಕೊಳ್ಳತೊಡಗಿತು. ವರ್ಷಕ್ಕೆ ನಾಲ್ಕು ಟ್ರಿಪ್ ಹೋಗುವವರಿಗೆ ಎರಡೂ ನಡೆಯುತ್ತದೆ. ಉರಿಯ ಮೇಲೆ ನಿಗಾ ಇಡುವವರು ಪಿಟಿಎಫ್‌ಇ ತೆಗೆದುಕೊಳ್ಳಿ. ಸ್ಟವ್ ಹಚ್ಚಿ ಫೋಟೋ ತೆಗೆಯಲು ಓಡುವವರಿಗೆ ಸೆರಾಮಿಕ್ಕೇ ಮೇಲು.

ಡಬ್ಬದ ಮೇಲೆ "ಪಿಎಫ್‌ಒಎ ಫ್ರೀ" ಅಂತ ದೊಡ್ಡದಾಗಿ ಬರೆದಿರುತ್ತಾರೆ. ಪಿಎಫ್‌ಒಎ ಅನ್ನುವುದು ಲೇಪ ತಯಾರಿಸುವಾಗ ಬಳಸುತ್ತಿದ್ದ ರಾಸಾಯನಿಕ. ಅಮೆರಿಕದ ದೊಡ್ಡ ತಯಾರಕರು 2015ರ ಕೊನೆಯೊಳಗೆ ಅದನ್ನು ಕೈಬಿಟ್ಟರು. ಹಾಗಂತ "ಪಿಎಫ್‌ಒಎ ಫ್ರೀ" ಅಂದರೆ ಪಿಟಿಎಫ್‌ಇ ಇಲ್ಲ ಅಂತಲ್ಲ. ಅದನ್ನು ಓದಿ ಉರಿ ಜೋರು ಮಾಡಬೇಡಿ.

ಕಟ್ಟಿಗೆ ಒಲೆಯ ಮೇಲೆ ಇವೆರಡೂ ಬೇಡ. ಮೂರು ಕಲ್ಲಿನ ಒಲೆಯಲ್ಲಿ ಉರಿಯನ್ನು ಸಿಮ್ ಮಾಡಲು ಗುಂಡಿ ಇರುವುದಿಲ್ಲ. ತೋಟದಲ್ಲಿ ತೆಂಗಿನ ಗರಿ, ಮಟ್ಟೆ ಹಚ್ಚಿ ಮಾಡುವುದಾದರೆ ಕಬ್ಬಿಣದ ಹೆಂಚು, ಇಲ್ಲವೇ ಮನೆಯ ಹಳೇ ಇಂಡಾಲಿಯಂ ಬಾಣಲೆ ತನ್ನಿ.

ಹೆಜ್ಜೆ 6: ಹಿಡಿ

ಮಡಚುವ ತಂತಿ ಹಿಡಿ ಹಗುರ, ಆದರೆ ಬೇಗ ಸುಡುತ್ತದೆ. ಬಿಚ್ಚಿಡುವ ಹಿಡಿ ಚೆನ್ನ. ನೀರು ತುಂಬಿದ ಪ್ಯಾನ್ ಎತ್ತಿದಾಗ ಸಡಿಲ ಆಗಿ ತಿರುಗಬಾರದು, ಅಷ್ಟೇ.

ಖರ್ಚಿಲ್ಲದ ದಾರಿಯೂ ಇದೆ. ಪಾತ್ರೆ ಅಂಗಡಿಯ ಮಾಮೂಲಿ ಫ್ರೈ ಪ್ಯಾನ್ ತಂದು, ಒಂದೇ ಸ್ಕ್ರೂನಲ್ಲಿ ಕೂತಿರುವ ಆ ದಪ್ಪ ಬ್ಯಾಕಲೈಟ್ ಹಿಡಿಯನ್ನು ಬಿಚ್ಚಿಬಿಡಿ. ನನ್ನದರಲ್ಲಿ 90 ಗ್ರಾಂ ಉಳಿಯಿತು. ಎತ್ತಲು ಅಡುಗೆಮನೆಯ ಇಕ್ಕಳ. ಅದರ ಹಲ್ಲು ಒಳಗಿನ ಲೇಪವನ್ನು ಕಚ್ಚುತ್ತದೆ, ಅದಕ್ಕೆ ಹತ್ತಿಬಟ್ಟೆ ಮಡಚಿ ನಡುವೆ ಇಟ್ಟು ಹಿಡಿಯಿರಿ. ಬಟ್ಟೆಯ ತುದಿ ಉರಿ ಕಡೆ ಇಳಿಬಿಡಬೇಡಿ. ಹಿಡಿಯನ್ನು ರಿವೆಟ್ ಹೊಡೆದು ಕೂರಿಸಿದ್ದರೆ ಈ ಆಟ ನಡೆಯುವುದಿಲ್ಲ.

ಹೆಜ್ಜೆ 7: ಅಂಗಡಿಯಲ್ಲಿ

ನಾನು ತುಮಕೂರಿನ ಮಂಡಿಪೇಟೆ ಕಡೆ ಹೋದಾಗ ಜೇಬಲ್ಲಿ ಒಂದು ಅಯಸ್ಕಾಂತ, ಚೀಲದಲ್ಲಿ ನನ್ನ ಟ್ರೆಕ್ಕಿಂಗ್ ಪಾತ್ರೆ ಇಟ್ಟುಕೊಂಡಿರುತ್ತೇನೆ. ಅಂಗಡಿಯವರು ಮೊದಲು ನಗುತ್ತಾರೆ, ಆಮೇಲೆ ತಾವೇ ತಕ್ಕಡಿ ಕೊಡುತ್ತಾರೆ.

ಪ್ಯಾನ್ ತಳಕ್ಕೆ ಅಯಸ್ಕಾಂತ ಹಚ್ಚಿ. ಅಂಟಿಕೊಂಡರೆ ಅದು ಇಂಡಕ್ಷನ್ ಬೇಸ್, ತಳದಲ್ಲಿ ಸ್ಟೀಲ್ ತಗಡು ಕೂರಿಸಿದ್ದಾರೆ. ಗ್ಯಾಸ್ ಸ್ಟವ್‌ಗೆ ಅದು ಸುಮ್ನೆ ಭಾರ. ಈಗ ಬರುವ ಪ್ಯಾನ್‌ಗಳಲ್ಲಿ ಇಂಡಕ್ಷನ್ ಬೇಸ್ ಇರುವುದೇ ಜಾಸ್ತಿ, "ಇಂಡಕ್ಷನ್ ಇಲ್ಲದ್ದು ಕೊಡಿ" ಅಂತ ಕೇಳಿ ತೆಗೆಸಬೇಕು. ಆಮೇಲೆ ಗಾಜಿನ ಕೌಂಟರ್ ಮೇಲಿಟ್ಟು ಅಂಚನ್ನು ಒಂದೊಂದು ಕಡೆ ಒತ್ತಿ. ಅಲ್ಲಾಡಿದರೆ ಬೇಡ. ತಕ್ಕಡಿಯಲ್ಲಿ ಹಿಡಿ ಸೇರಿಸಿ ಒಮ್ಮೆ, ಬಿಚ್ಚಲು ಬಂದರೆ ಬಿಚ್ಚಿ ಒಮ್ಮೆ ತೂಗಿ. ಡಬ್ಬದ ಮೇಲಿನ ತೂಕದಲ್ಲಿ ಎಷ್ಟೋ ಸಲ ಡಬ್ಬವೂ ಸೇರಿರುತ್ತದೆ! ನಿಮ್ಮ ಪಾತ್ರೆಯ ಮೇಲೆ ಬೋರಲು ಹಾಕಿ ನೋಡಿ. ಮುಚ್ಚಳದ ಹಾಗೆ ಕೂತರೆ ಮುಚ್ಚಳದ ತೂಕವೇ ಉಳಿಯಿತು. ಲೇಪಕ್ಕೆ ಬೆಳಕು ಓರೆಯಾಗಿ ಬೀಳುವ ಹಾಗೆ ತಿರುಗಿಸಿ, ಗುಳ್ಳೆ, ಚುಕ್ಕೆ ಇದ್ದರೆ ಅಲ್ಲಿಂದಲೇ ಏಳುವುದು.

ಐಎಸ್‌ಐ ಗುರುತನ್ನೂ ಹುಡುಕಿ. ಸ್ಟೀಲ್, ಅಲ್ಯೂಮಿನಿಯಂ ಪಾತ್ರೆಗಳಿಗೆ ಈ ಗುರುತು ಕಡ್ಡಾಯ ಅಂತ ಕೇಂದ್ರ ಸರ್ಕಾರ 2024ರಲ್ಲಿ ಆದೇಶ ಹೊರಡಿಸಿದೆ.

ಹೆಜ್ಜೆ 8: ಮನೆಯಲ್ಲಿ ಹಿಟ್ಟಿನ ಪರೀಕ್ಷೆ

ಬೆಟ್ಟದ ಬುಡದಲ್ಲಿ ಹಸಿದ ಹೊಟ್ಟೆಯಲ್ಲಿ ಪರೀಕ್ಷೆ ಮಾಡುವ ಬದಲು ಮನೆ ಅಂಗಳದಲ್ಲೇ ಮಾಡಿಬಿಡಿ. ಪ್ಯಾನ್ ತೊಳೆದು ಒರೆಸಿ. ಎರಡು ಚಮಚ ಮೈದಾವನ್ನು ಜರಡಿಯಿಂದ ತಳದ ತುಂಬ ತೆಳ್ಳಗೆ ಉದುರಿಸಿ. ನಿಮ್ಮದೇ ಟ್ರೆಕ್ಕಿಂಗ್ ಸ್ಟವ್ ಮೇಲೆ, ಸಣ್ಣ ಉರಿಯಲ್ಲಿ ಇಡಿ. ಕಣ್ಣು ಅಲ್ಲೇ ಇರಲಿ.

ಸ್ವಲ್ಪ ಹೊತ್ತಿಗೆ ಹಿಟ್ಟು ಬಣ್ಣ ತಿರುಗತೊಡಗುತ್ತದೆ. ಎಲ್ಲಿ ಮೊದಲು, ಎಲ್ಲಿ ಕೊನೆಗೆ ಅನ್ನುವುದೇ ಉತ್ತರ. ತೆಳು ಟೈಟಾನಿಯಂನಲ್ಲಿ ನಡುವೆ ಕಾಫಿಪುಡಿ ಬಣ್ಣ ಬಂದಾಗಲೂ ಅಂಚು ಬೆಳ್ಳಗೇ ಇತ್ತು. 2 ಮಿ.ಮೀ. ಅಲ್ಯೂಮಿನಿಯಂನಲ್ಲಿ ನಡುವೆ ಗೋಧಿ ಬಣ್ಣ, ಅಂಚು ಕೆನೆ ಬಣ್ಣ. ಅಷ್ಟು ವ್ಯತ್ಯಾಸವನ್ನು ಪ್ಯಾನ್ ಅತ್ತಿತ್ತ ಸರಿಸಿ ಸರಿದೂಗಿಸಬಹುದು. ನಡುವೆ ಕಂದು ಬಂದ ತಕ್ಷಣ ಉರಿ ಆರಿಸಿ. ಕರಿ ಆಗುವವರೆಗೆ ಕಾದರೆ ಲೇಪಕ್ಕೂ ಪೆಟ್ಟು.

ಹೆಜ್ಜೆ 9: ಬಳಸುವ ರೀತಿ

ಖಾಲಿ ಪ್ಯಾನ್ ಜೋರು ಉರಿಯ ಮೇಲೆ ಇಡಬೇಡಿ. ತೆಳು ಅಲ್ಯೂಮಿನಿಯಂ ನೋಡನೋಡುತ್ತಲೇ ವಿಪರೀತ ಕಾಯುತ್ತದೆ. ಮೊದಲೇ ಎಣ್ಣೆ ಹಾಕಿ. ತುಪ್ಪ, ಕಡಲೆಕಾಯಿ ಎಣ್ಣೆ ಹೊಗೆಯಾಡುವುದು 260 ಮುಟ್ಟುವ ಮುಂಚೆಯೇ, ಹಾಗಾಗಿ ಹೊಗೆಯೇ ನಿಮಗೆ ಎಚ್ಚರಿಕೆ ಗಂಟೆ. ದೋಸೆ ಹೆಂಚಿಗೆ ನೀರು ಚಿಮುಕಿಸುವ ಅಭ್ಯಾಸ ಇಲ್ಲೂ ಉಪಯೋಗಕ್ಕೆ ಬರುತ್ತದೆ. ಹನಿ ಚುರ್ ಅಂದು ಆರಿದರೆ ಕಾವು ಸಾಕು. ಮುತ್ತಿನ ಹಾಗೆ ಉಂಡೆಯಾಗಿ ಓಡಾಡಿದರೆ ಆಗಲೇ 200ರ ಹತ್ತಿರ ಹೋಗಿದೆ, ಉರಿ ತಗ್ಗಿಸಿ.

ಅಕ್ಕಿ ರೊಟ್ಟಿಯದ್ದೇ ಒಂದು ಪೇಚು. ನಾವು ಅದನ್ನು ತಟ್ಟುವುದು ತಣ್ಣನೆ ಬಾಣಲೆಯಲ್ಲಿ. ಮನೆಯಲ್ಲಿ ಎರಡು ಬಾಣಲೆ ಇರುತ್ತವೆ, ಇಲ್ಲವೇ ಬಿಸಿ ಬಾಣಲೆ ಬೋರಲು ಹಾಕಿ ತಳಕ್ಕೆ ನೀರು ಸುರಿದು ತಣಿಸುತ್ತಾರೆ. ಟ್ರೆಕ್ಕಿಂಗ್ ಪ್ಯಾನ್‌ಗೆ ಹಾಗೆ ಮಾಡಿದಿರೋ, ಟಣ್ ಅಂತ ತಳ ಸೊಟ್ಟಗಾಗುತ್ತದೆ. ನನ್ನ ಒಂದು ಪ್ಯಾನ್ ಹೋದದ್ದೇ ಹೀಗೆ. ಬಾಳೆ ಎಲೆಗೆ ಎಣ್ಣೆ ಸವರಿ ಅದರ ಮೇಲೆ ತಟ್ಟಿ, ಎಲೆ ಸಮೇತ ಪ್ಯಾನ್‌ಗೆ ಬೋರಲು ಹಾಕಿ. ಅರ್ಧ ನಿಮಿಷಕ್ಕೆ ಎಲೆ ತಾನೇ ಬಿಡುತ್ತದೆ.

ಸ್ಟೀಲ್ ಚಮಚ ಬೇಡ, ಮರದ ಮಗುಚುವ ಕೈ ಇರಲಿ. ತೊಳೆಯುವ ವಿಷಯ ಹೇಳಲೇಬೇಕು. ನಾನು ಹಾಳು ಮಾಡಿದ ಇನ್ನೊಂದು ಪ್ಯಾನ್ ತೋಟದ ತೊಟ್ಟಿ ಹತ್ತಿರ ಹೋಯಿತು. ಕೈಗೆ ಸಿಕ್ಕಿದ್ದು ತೆಂಗಿನ ನಾರು ಮತ್ತು ಬೂದಿ. ಗೆಳೆಯ ಉತ್ಸಾಹದಲ್ಲಿ ಹಿತ್ತಾಳೆ ಚೊಂಬಿನ ಹಾಗೆ ತಿಕ್ಕಿ ಫಳಫಳ ಮಾಡಿ ತಂದ. ಫಳಫಳ ಅಂದದ್ದು ಲೇಪದ ಕೆಳಗಿನ ಅಲ್ಯೂಮಿನಿಯಂ. ನಾರು, ಮರಳು, ಬೂದಿ ಯಾವುದೂ ಮುಟ್ಟಿಸಬೇಡಿ. ಪ್ಯಾನ್ ತಾನಾಗಿ ತಣಿಯಲಿ, ಮೆದು ಕಾಗದದಲ್ಲಿ ಎಣ್ಣೆ ಒರೆಸಿ, ಬೆಚ್ಚನೆ ನೀರಲ್ಲಿ ಬಟ್ಟೆಯಿಂದ ತೊಳೆಯಿರಿ. ಆ ನೀರನ್ನು ಕಲ್ಯಾಣಿ, ಹಳ್ಳಕ್ಕೆ ಬಿಡದೆ ದೂರ ಮಣ್ಣಿಗೆ ಚೆಲ್ಲಿ. ಒರೆಸಿದ ಕಾಗದ ಚೀಲದಲ್ಲಿ ವಾಪಸ್ ಬರಲಿ. ಪ್ಯಾಕ್ ಮಾಡುವಾಗ ಪ್ಯಾನ್ ಒಳಗೆ ಹಳೇ ಟವೆಲ್ ತುಂಡು ಹಾಸಿ ಆಮೇಲೆ ಪಾತ್ರೆ ಕೂರಿಸಿ.

ಲೇಪದ ಮೇಲೆ ಒಂದೆರಡು ಗೀರು ಬಿದ್ದರೆ ಗಾಬರಿ ಬೇಡ. ಚೂರು ಹೊಟ್ಟೆಗೆ ಹೋದರೂ ಜೀರ್ಣವಾಗದೆ ಹಾಗೇ ಹೊರಗೆ ಹೋಗುತ್ತದೆ. ಸಿಪ್ಪೆ ಸಿಪ್ಪೆಯಾಗಿ ಏಳತೊಡಗಿದರೆ, ಮೊಟ್ಟೆ ಅಂಟತೊಡಗಿದರೆ ಬದಲಾಯಿಸಿ. ಅಂಟುವ ನಾನ್‌ಸ್ಟಿಕ್ ಹೊತ್ತುಕೊಂಡು ತಿರುಗುವುದು ಯಾಕೆ?

ಆ ಟೈಟಾನಿಯಂ ಪ್ಯಾನ್ ಈಗ ಅತ್ತೆಯ ಮನೆಯಲ್ಲಿದೆ. ಹಾಲಿನ ಪಾತ್ರೆಗೆ ಮುಚ್ಚಳ ಮಾಡಿಕೊಂಡಿದ್ದಾರೆ. ತುಂಬ ಹಗುರ, ಬೆಕ್ಕು ಮೂತಿಯಲ್ಲೇ ತಳ್ಳಿಬಿಡುತ್ತೆ ಅಂತ ಮೇಲೊಂದು ಗುಂಡುಕಲ್ಲು ಹೇರಿದ್ದಾರೆ.